ಅರವತ್ತೆರಡು ಮೆಟ್ಟಿಲಿನ ಮನೆ

ಜನವರಿ 19, ಭಾನುವಾರ

ಇವತ್ತು ನನ್ನ ಮನೆ ಎದ್ದು ನಿಂತಿತು. ಸದ್ಯಕ್ಕೆ ದಾರದಲ್ಲಿ ಮಾತ್ರ, ಆದರೂ ನಿಂತಿತು. ಗುಡ್ಡದ ಸೈಟಿನ ನೆತ್ತಿಯ ಮೇಲೆ ಗೂಟ ಹೊಡೆದು, ಬಿಳಿ ದಾರ ಕಟ್ಟಿ, ಹಾಲ್, ಅಡುಗೆಮನೆ, ಮಲಗುವ ಕೋಣೆ ಎಲ್ಲ ಗುರುತು ಮಾಡಿದೆ. ಮಲಗುವ ಕೋಣೆ ಹಳ್ಳದ ಕಡೆಯ ಅಂಚಿಗೆ. ಮಂಚದ ಅಳತೆಗೂ ದಾರ ಕಟ್ಟಿದೆ. ಗೋಡೆಯ ಕಡೆ ನಾನು, ಕಿಟಕಿಯ ಕಡೆ ನನ್ನ ಹೆಂಡತಿ. ಬೆಳಿಗ್ಗೆ ಕಣ್ಣು ಬಿಟ್ಟರೆ ಕೆಳಗೆ ಹಳ್ಳ, ದೂರದಲ್ಲಿ ಊರು, ಊರಾಚೆ ಹೊಳೆ. ಮೂವತ್ತನಾಲ್ಕು ವರ್ಷ ಲಿಫ್ಟ್ ಇನ್ಸ್‌ಪೆಕ್ಟರಾಗಿ ಗುಂಡಿಯೊಳಗೆ ಕತ್ತಲಲ್ಲಿ ಗ್ರೀಸು ಮೆತ್ತಿಕೊಂಡು ದುಡಿದವನಿಗೆ ಇಷ್ಟು ಬೆಳಕು ಸಲ್ಲಬೇಕೋ ಬೇಡವೋ? ಜೂನ್ ಮೂವತ್ತಕ್ಕೆ ನಿವೃತ್ತಿ. ಮುಂದಿನ ವರ್ಷ ಈ ಹೊತ್ತಿಗೆ ಆ ಕಿಟಕಿಯ ಮುಂದೆ ಕೂತು ಕಾಫಿ ಕುಡಿಯದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಇವಳೂ ಬಂದಿದ್ದಳು. ಮೇಲಕ್ಕೆ ಬರಲಿಲ್ಲ. ಸೈಟಿನ ಈಚೆ ತುದಿಯಲ್ಲಿ, ರಸ್ತೆಗೆ ಹೊಂದಿಕೊಂಡಂತೆ ಒಂದು ದೊಡ್ಡ ಕರಿಬಂಡೆ ಇದೆ. ಅದರ ಮೇಲೆ ಪೇಪರು ಹಾಸಿಕೊಂಡು, ಇನ್ನೊಂದು ಪೇಪರಿನಲ್ಲಿ ಪದಬಂಧ ತುಂಬಿಸುತ್ತಾ ಕೂತಳು. "ಮೇಲೆ ಬಾರೇ, ನಿನ್ನ ಅಡುಗೆಮನೆ ತೋರಿಸ್ತೀನಿ" ಎಂದು ಕೂಗಿದೆ.

"ಇಲ್ಲಿಂದಲೇ ಕಾಣ್ತಿದೆ, ಚೆನ್ನಾಗಿದೆ" ಎಂದಳು.

ಅಷ್ಟು ದೂರದಿಂದ ದಾರ ಹೇಗೆ ಕಂಡಿತೋ ಏನೋ! ರಸ್ತೆಯಿಂದ ನೆತ್ತಿಗೆ ಅರವತ್ತೆರಡು ಮೆಟ್ಟಿಲು ಬೇಕಾಗುತ್ತದೆ. ಲೆಕ್ಕ ಹಾಕಿ ಇಟ್ಟಿದ್ದೇನೆ.

ಜನವರಿ 27, ಸೋಮವಾರ

ನಗರಸಭೆಯವರು ನಕ್ಷೆ ವಾಪಸು ಕೊಟ್ಟರು. ಇಳಿಜಾರಿನ ಸೈಟಿಗೆ ಮಣ್ಣು ಪರೀಕ್ಷೆಯ ವರದಿ ಇಲ್ಲದೆ ಅವರು ನಕ್ಷೆ ಮುಟ್ಟುವುದಿಲ್ಲವಂತೆ.

ಭಾಮೈದನಿಗೆ ಹೇಳಿದೆ. ಇವಳ ತಮ್ಮ ಅವನು, ಕಂಟ್ರಾಕ್ಟರು, ನನ್ನ ಮನೆ ಕಟ್ಟುವವನೂ ಅವನೇ. ಹೊಟ್ಟೆ ಹಿಡಿದುಕೊಂಡು ನಕ್ಕ. "ಮಣ್ಣಿಗೂ ಬ್ಲಡ್ ಟೆಸ್ಟಾ ಭಾವ? ಹಿಂದಿನ ದಿನ ಏನೂ ತಿನ್ನದೆ ಖಾಲಿ ಹೊಟ್ಟೇಲಿ ಇರ್ಬೇಕಾ ಅದು?"

ನಕ್ಕರೆ ನಗಲಿ. ನಾನು ಕಾಗದ ಪತ್ರದ ವಿಷಯದಲ್ಲಿ ಖಡಕ್ ಮನುಷ್ಯ. ಸರ್ಟಿಫಿಕೇಟ್ ಇಲ್ಲದ ಲಿಫ್ಟಿಗೆ ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡು ಬರುವವನು. ವರದಿ ಬೇಕೆಂದರೆ ವರದಿಯನ್ನೇ ಅವರ ಮೇಜಿನ ಮೇಲೆ ಕುಕ್ಕುತ್ತೇನೆ.

ಫೆಬ್ರುವರಿ 8, ಶನಿವಾರ

ಮಣ್ಣಿನ ಇಂಜಿನಿಯರು ಬರುವ ಶನಿವಾರ ಬರುತ್ತಾರೆ. ಹೆಂಗಸಂತೆ. ಭಾಮೈದನ ಜೊತೆ ಸೈಟಿಗೆ ಹೋಗಿ ಒಂದು ಸುತ್ತು ಹಾಕಿದೆ. ಅಂಚಿನಲ್ಲಿರುವ ಐದು ಪೈನ್ ಮರಗಳೂ ಬುಡದಲ್ಲಿ ಹಳ್ಳದ ಕಡೆಗೆ ಬಾಗಿ, ಆಮೇಲೆ ಮೇಲಕ್ಕೆ ನೆಟ್ಟಗಾಗಿವೆ. ಕುಡುಕರು ಕಂಬ ಹಿಡಿದು ನಿಂತ ಹಾಗೆ. ಅವುಗಳ ಹಿಂದೆ, ಒಣಹುಲ್ಲಿನ ನಡುವೆ ನೆಲದಲ್ಲಿ ಒಂದು ಬಿರುಕು. ಎರಡು ಬೆರಳಗಲ, ಇಪ್ಪತ್ತು ಹೆಜ್ಜೆ ಉದ್ದ. ಕಡ್ಡಿ ಇಳಿಸಿದೆ, ಮೊಳದುದ್ದ ಒಳಗೆ ಹೋಯಿತು. ಬಿಸಿಲಿಗೆ ಮಣ್ಣು ಬಿರಿಯುವುದು ಇದ್ದದ್ದೇ.

"ಮೇಡಂ ಬರೋ ಮುಂಚೆ ಜಾಗ ಸ್ವಲ್ಪ ಕ್ಲೀನ್ ಮಾಡ್ಸಿಬಿಡೋಣ ಭಾವ" ಎಂದ ಭಾಮೈದ. "ನೋಡೋಕೆ ಲಕ್ಷಣವಾಗಿರ್ಲಿ."

ಅವನ ಮಾತೂ ಸರಿಯೇ. ಮನೆಗೆ ಯಾರಾದರೂ ಬರುತ್ತಾರೆಂದರೆ ನಾವು ಕಸ ಗುಡಿಸುವುದಿಲ್ಲವೇ?

ಫೆಬ್ರುವರಿ 11, ಮಂಗಳವಾರ

ಬುಲ್ಡೋಜರ್ ಬಂತು. ಮರ ಕಡಿಸಿದ್ದಾಯಿತು, ಬೊಡ್ಡೆಗಳ ಮೇಲೆ ಮಣ್ಣೆಳೆದದ್ದಾಯಿತು. ಬಿರುಕಿಗೆ ಮಣ್ಣು ತುಂಬಿ ರೋಲರ್ ಓಡಿಸಿದರು. ನೆತ್ತಿ ಈಗ ಆಟದ ಮೈದಾನದ ಹಾಗಿದೆ. ಭೇಷ್!

ಫೆಬ್ರುವರಿ 15, ಶನಿವಾರ

ಮಣ್ಣು ಮೇಡಂ ಬಂದರು. ನನ್ನ ಭುಜಕ್ಕೂ ಬರದಷ್ಟು ಕುಳ್ಳಗೆ, ತಲೆಗೆ ಅಗಲ ಟೋಪಿ, ಕೈಯಲ್ಲೊಂದು ಸುತ್ತಿಗೆ. ನೆತ್ತಿ ತೋರಿಸೋಣವೆಂದರೆ ಅಲ್ಲಿ ಬಿಟ್ಟು ಉಳಿದೆಲ್ಲ ಕಡೆ ತಿರುಗಿದರು. ಹಳ್ಳಕ್ಕೆ ಇಳಿದರು. ಸೈಟಿನ ಹಿಂದೆ ಇನ್ನೂ ಮೇಲಿರುವ ಇನ್ನೊಂದು ರಸ್ತೆಗೆ ಹತ್ತಿ ಅಲ್ಲಿನ ಚರಂಡಿಯೊಳಗೆ ಇಣುಕಿದರು. ಕೆಳಗೆ ಬಂದು ಇವಳನ್ನು "ಅಮ್ಮಾ, ಸ್ವಲ್ಪ ಏಳ್ತೀರಾ?" ಎಂದು ಎಬ್ಬಿಸಿ, ಕರಿಬಂಡೆಗೆ ಸುತ್ತಿಗೆಯಿಂದ ಟಣ್ ಟಣ್ ಎಂದು ಬಡಿದು ಕಿವಿಗೊಟ್ಟರು. ಆಮೇಲೆ ಅಲ್ಲೇ ಕೂತು ಇಬ್ಬರೂ ಪದಬಂಧದ ಅದೇನೋ ಅಡ್ಡಸಾಲು ಬಿಡಿಸಿದರು. ಇವರನ್ನು ಕರೆಸಿದ್ದು ಇದಕ್ಕೋ?

ಕೊನೆಗೆ ನೆತ್ತಿಗೆ ಬಂದು ಬೂಟಿನ ಹಿಮ್ಮಡಿಯಿಂದ ನೆಲ ಕೆದಕಿದರು.

"ಇದನ್ನ ಯಾವಾಗ ಮಟ್ಟ ಮಾಡಿಸಿದ್ರಿ ಸರ್?"

"ಮೊನ್ನೆ ಮೊನ್ನೆ ಮೇಡಂ."

"ಅದಕ್ಕೆ ಮುಂಚೆ ಇಲ್ಲಿ ಬಿರುಕು ಏನಾದ್ರೂ ಇತ್ತಾ? ಬಾಗಿದ ಮರ?"

ಭಾಮೈದ ನನ್ನ ಮುಖ ನೋಡಿದ. ನಾನು ಹೊಳೆ ನೋಡಿದೆ. "ಇಲ್ಲ ಮೇಡಂ. ಬರೀ ಹುಲ್ಲು."

ಬರೆದುಕೊಂಡು, ಕೆಳಗೆ ಸಹಿ ಹಾಕಿ ಎಂದರು. ಹಾಕಿದೆ. ಎರಡು ಬೆರಳಗಲದ್ದೂ ಒಂದು ಬಿರುಕೇ? ಲಿಫ್ಟಿನ ಬಾಗಿಲ ಸಂದಿಯೇ ಅದಕ್ಕಿಂತ ಅಗಲ ಇರುತ್ತದೆ.

ಫೆಬ್ರುವರಿ 21, ಶುಕ್ರವಾರ

ರಜೆ ಹಾಕಿ ಸೈಟಿಗೆ ಹೋಗಿದ್ದೆ. ನೆತ್ತಿಯಲ್ಲಿ ಎರಡು, ಬಂಡೆಯ ಹತ್ತಿರ ಒಂದು, ಒಟ್ಟು ಮೂರು ಕಡೆ ತೂತು ಕೊರೆದರು. ಕಬ್ಬಿಣದ ಸರಳಿನ ತಲೆಯ ಮೇಲೆ ಭಾರದ ಗುಂಡು ಎತ್ತಿ ಬಿಡುವುದು, ಸರಳು ಒಂದು ಅಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವುದು. ನಾನೂ ಜೊತೆಗೆ ಎಣಿಸಿದೆ. ನೆತ್ತಿಯಲ್ಲಿ ಮೊದಮೊದಲು ಹತ್ತು, ಹನ್ನೆರಡು. ಐದು ಮೀಟರ್ ಆಳಕ್ಕೆ ಹೋದಾಗ ಎರಡೇ ಪೆಟ್ಟಿಗೆ ಸರಳು ಸೊಯ್ಯನೆ ಇಳಿದುಬಿಟ್ಟಿತು. ಮೇಲೆ ಬಂದ ಮಣ್ಣು ಕಲಸಿದ ಹಿಟ್ಟಿನ ಹಾಗೆ ಒದ್ದೆ. ಬಂಡೆಯ ಹತ್ತಿರ ಐವತ್ತು ಪೆಟ್ಟು ಹಾಕಿದರೂ ಸರಳು ಜಪ್ಪಯ್ಯ ಅನ್ನಲಿಲ್ಲ. ನೆತ್ತಿಯ ಒಂದು ತೂತಿಗೆ ಪೈಪು ಇಳಿಸಿ ಮುಚ್ಚಳ ಹಾಕಿದ್ದಾರೆ, ಒಳಗಿನ ನೀರಿನ ಮಟ್ಟ ನೋಡಲಿಕ್ಕಂತೆ.

ಮೇಡಂ ಮುಖ ನೋಡಿದೆ. ಇಸ್ಪೀಟು ಆಡಲು ಹೇಳಿ ಮಾಡಿಸಿದ ಮುಖ. ಏನೂ ಗೊತ್ತಾಗಲಿಲ್ಲ.

ಮಾರ್ಚ್ 4, ಮಂಗಳವಾರ

ಗೆದ್ದೆ! ಮೇಡಂ ಫೋನ್ ಮಾಡಿದ್ದರು. ಒಳಗೆ ಒದ್ದೆ ಪದರ ಇದೆ, ಅದು ಒಳ್ಳೆಯದಲ್ಲ. ಆದರೆ ನೆಲ ಜರುಗಿದ ಗುರುತು ಮೇಲೆ ಏನೂ ಇಲ್ಲ, ಬಿರುಕೂ ಇರಲಿಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ, ಹಾಗಾಗಿ ಆಳದ ಕಂಬದ ಅಡಿಪಾಯ ಹಾಕಿ ನೆತ್ತಿಯಲ್ಲೇ ಕಟ್ಟಬಹುದೇನೋ ನೋಡುತ್ತೇನೆ, ವರದಿಯ ಕರಡು ತಯಾರಾಗುತ್ತಿದೆ ಎಂದರು.

ಇವಳಿಗೆ ಹೇಳಿದರೆ "ಸರಿ" ಎಂದಳು. ಅಷ್ಟೇ. ಮಂಡಿಗೆ ಮುಲಾಮು ಹಚ್ಚಿಕೊಳ್ಳಲು ಒಳಗೆ ಹೋದಳು. ಈ ಮುಲಾಮು ಇತ್ತೀಚೆಗೆ ಬಲು ಬೇಗ ಖಾಲಿಯಾಗುತ್ತಿದೆ. ಕಂಪನಿಯವರು ಟ್ಯೂಬು ಚಿಕ್ಕದು ಮಾಡಿರಬೇಕು, ಕಳ್ಳರು.

ಮಾರ್ಚ್ 12, ಬುಧವಾರ

ಏಳಂತಸ್ತಿನ ಒಂದು ಕಟ್ಟಡದ ಲಿಫ್ಟ್ ತಪಾಸಣೆಗೆ ಹೋಗಿದ್ದೆ. ಮೋಟಾರ್ ಕೋಣೆಗೆ ಹೊಸದಾಗಿ ಬಣ್ಣ ಬಳಿದಿದ್ದರು, ವಾಸನೆ ಇನ್ನೂ ಆರಿರಲಿಲ್ಲ. ಉಕ್ಕಿನ ಹಗ್ಗಕ್ಕೆ ಅಡಿಯಿಂದ ಮುಡಿಯವರೆಗೆ ಗ್ರೀಸು, ಫಳಫಳ. ನನಗೆ ಅಲ್ಲೇ ಅನುಮಾನ ಬಂತು. ಬಟ್ಟೆ ತೆಗೆದುಕೊಂಡು ಒರೆಸುತ್ತಾ ಹೋದೆ. ಗ್ರೀಸಿನ ಕೆಳಗೆ ಎಳೆಗಳು ಪಟಪಟ ಕಡಿದು ನಿಂತಿದ್ದವು. ಒಂದೇ ಗೇಣಿನಲ್ಲಿ ಒಂಬತ್ತು ಎಳೆ! ಅದರಲ್ಲಿ ದಿನಾ ನೂರಾರು ಜನ ಹತ್ತಿ ಇಳಿಯುತ್ತಾರೆ.

ಕಾರ್ಯದರ್ಶಿಯನ್ನು ಕರೆಸಿದೆ. ಮೂವತ್ತನಾಲ್ಕು ವರ್ಷದಿಂದ ಇಂಥವರನ್ನು ಝಾಡಿಸುತ್ತಲೇ ಬಂದಿದ್ದೇನೆ, ಇವನಿಗೂ ಸರಿಯಾಗಿ ಕಾದಿತ್ತು. "ಏನ್ರೀ ಇದು?" ಎಂದು ಗುಡುಗಿದೆ.

ಅವನು ಕೈ ಹೊಸೆಯುತ್ತಾ, "ನೀವು ಬರ್ತೀರಿ ಅಂತ ಸ್ವಲ್ಪ ಕ್ಲೀನ್ ಮಾಡಿಸಿದ್ದು ಸಾರ್. ನೋಡೋಕೆ ಲಕ್ಷಣವಾಗಿರ್ಲಿ ಅಂತ" ಎಂದ.

ಬಯ್ಯಲು ತೆರೆದ ಬಾಯಿ ಹಾಗೇ ನಿಂತಿತು. ಬೀಗ ಹಾಕಿ, ಚೀಟಿ ಅಂಟಿಸಿ ಬಂದೆ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೇಡಂಗೆ ಫೋನ್ ಮಾಡಿದೆ. "ಮೇಡಂ, ನಾನು ಸುಳ್ಳು ಹೇಳಿದೆ. ಬಿರುಕು ಇತ್ತು. ಬಾಗಿದ ಮರಾನೂ ಇತ್ತು. ನಾನೇ ಮುಚ್ಚಿಸಿದ್ದು." ಮಣ್ಣಿನ ಇಂಜಿನಿಯರ ಕಣ್ಣಿಗೇ ಮಣ್ಣೆರಚಿದ ಭೂಪ ನಾನು.

ಅವರು ಬೈಯಲಿ ಎಂದು ಕಾದೆ. "ಎಷ್ಟು ಉದ್ದ ಇತ್ತು ಸರ್?" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಭಾಮೈದ ಕೆಂಡವಾಗಿದ್ದಾನೆ. "ಕೈಗೆ ಬಂದಿದ್ದನ್ನ ನೀವೇ ಹಾಳು ಮಾಡ್ಕೊಂಡ್ರಲ್ಲ ಭಾವ! ಯಾರಾದ್ರೂ ಹೋಗಿ ಹೇಳ್ತಾರಾ?" ಎಂದ. ಹೇಳಿದ್ದು ಹೇಳಿದೆ. ಆದರೆ ಮನೆ ಕಟ್ಟುವುದಂತೂ ಕಟ್ಟುವುದೇ. ಅದರಲ್ಲಿ ಎರಡು ಮಾತಿಲ್ಲ.

ಮಾರ್ಚ್ 15, ಶನಿವಾರ

ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಮೇಡಂ ಮತ್ತೆ ಬಂದರು. "ಮರ ಹೋಯ್ತು, ಬೊಡ್ಡೆ ಇದ್ಯಾ?" ಎಂದು ಕೇಳಿದರು. ಮುಚ್ಚಿಸಿದವನೇ ಗುದ್ದಲಿ ಹಿಡಿದು ತೋಡಿದೆ. ಮೊದಲ ಬೊಡ್ಡೆಯ ಕೊಯ್ದ ಮುಖಕ್ಕೆ ಅವರು ನೀರು ಹಾಕಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮರ ವರ್ಷಕ್ಕೊಂದರಂತೆ ಕಟ್ಟುವ ಉಂಗುರಗಳು. ಒಳಗಿನವೆಲ್ಲ ಬಳೆಯಂತೆ ದುಂಡಗಿದ್ದವು. ಹೊರಗಿನ ಹನ್ನೊಂದು ಉಂಗುರ ಮಾತ್ರ ಹಳ್ಳದ ಕಡೆಗೆ ದಪ್ಪ, ಈ ಕಡೆಗೆ ತೆಳು.

"ನೆಲ ಜಾರಿ ಮರ ವಾಲಿದಾಗ, ಬೀಳಬಾರದು ಅಂತ ಅದು ಕೆಳಗಿನ ಬದೀಲಿ ದಪ್ಪ ಬೆಳೆಯುತ್ತೆ ಸರ್. ಹನ್ನೊಂದು ವರ್ಷದಿಂದ ಈ ಮರ ಬೀಳದೆ ಇರೋಕೆ ಒದ್ದಾಡಿದೆ."

ಉಳಿದ ನಾಲ್ಕೂ ಬೊಡ್ಡೆ ತೋಡಿದೆ. ಬೆನ್ನು ಮುರಿದು ಹೋಯಿತು. ಒಂದೊಂದನ್ನೂ ನಾನೇ ಉಜ್ಜಿ ನಾನೇ ಎಣಿಸಿದೆ. ಹನ್ನೊಂದು. ಹನ್ನೊಂದು. ಹನ್ನೊಂದು. ಹನ್ನೊಂದು.

"ಹನ್ನೊಂದು ವರ್ಷದ ಹಿಂದೆ ಇಲ್ಲೇನಾಯ್ತು?" ಎಂದು ಮೇಡಂ ಗಟ್ಟಿಯಾಗಿ ಕೇಳಿದರು. ಸೈಟು ಕೊಂಡದ್ದೇ ಆರು ವರ್ಷದ ಹಿಂದೆ, ನನಗೇನು ಗೊತ್ತು! ಕೆಳಗೆ ಬಂಡೆಯ ಮೇಲಿಂದ ಇವಳು ಕೂಗಿದಳು: "ಮೇಲಿನ ರಸ್ತೆ ಆಗಿದ್ದು ಆಗಲೇ ಅಲ್ವೇನ್ರೀ? ಮಗಳು ಹೈಸ್ಕೂಲಿಗೆ ಸೇರಿದ ವರ್ಷ. ದಾರಿ ಮುಚ್ಚಿದ್ರು, ಬಸ್ಸು ಊರೆಲ್ಲಾ ಸುತ್ತಿ ಬರ್ತಿತ್ತು."

ಮೇಡಂ ತಲೆಯಾಡಿಸಿದರು. ಆ ರಸ್ತೆಯ ಚರಂಡಿಯ ಬಾಯಿ ನಮ್ಮ ಗುಡ್ಡದ ಬೆನ್ನಿಗೇ ತೆರೆದುಕೊಂಡಿದೆ. ಹನ್ನೊಂದು ಮಳೆಗಾಲದ ನೀರು ಒಳಗಿಳಿದಿದೆ.

ಕರಡು ವರದಿಯನ್ನು ಅವರು ನನ್ನ ಎದುರೇ ಹರಿದರು. ಬಿರುಕು ಇದ್ದ ಜಾಗದ ಆಚೆಗೊಂದು, ಈಚೆಗೊಂದು ಕಬ್ಬಿಣದ ಗೂಟ ಹೊಡೆಸಿದರು. ನಡುವೆ ಸರಿಯಾಗಿ ಎರಡು ಮೀಟರ್. ವಾರಕ್ಕೊಮ್ಮೆ ಅಳೆಯಬೇಕು. ಮಳೆ ಶುರುವಾದ ಮೇಲೆ ಅಂತರ ಹೆಚ್ಚುತ್ತದೋ ಇಲ್ಲವೋ ನೋಡಿ ವರದಿ ಬರೆಯುತ್ತಾರಂತೆ. "ಅಳೆಯೋಕೆ ಯಾರನ್ನಾದ್ರೂ ಕಳಿಸ್ತೀನಿ" ಎಂದರು. ಯಾರೂ ಬೇಡ, ನಾನೇ ಅಳೆಯುತ್ತೇನೆ ಎಂದೆ. ಗುಡ್ಡ ಅಲುಗಾಡುವುದಿಲ್ಲ ಎಂದು ನನ್ನ ಕೈಯಾರೆ ಅಳೆದು ತೋರಿಸುತ್ತೇನೆ. ನಾನು ಬಡಪೆಟ್ಟಿಗೆ ಬಗ್ಗುವವನಲ್ಲ.

ಏಪ್ರಿಲ್ 20, ಭಾನುವಾರ

ಐದನೇ ವಾರ. ಎರಡು ಮೀಟರ್, ಸೊನ್ನೆ. ಕೂದಲೆಳೆಯಷ್ಟೂ ಕದಲಿಲ್ಲ. ಮೇಲಿನಿಂದ ಇವಳಿಗೆ ಕೈಬೀಸಿ ಸೊನ್ನೆ ತೋರಿಸಿದೆ.

ಮೇ 25, ಭಾನುವಾರ

ವಾರವೆಲ್ಲ ಮಳೆ. ಮೂರು ಮಿಲಿಮೀಟರ್ ಹೆಚ್ಚಾಗಿದೆ. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ಟೇಪಿನ ಮೇಲೆ ಅನುಮಾನ ಬಂದು ಕೆಲಸದ ಉಕ್ಕಿನ ಟೇಪು ತಂದು ಅಳೆದೆ. ಅಷ್ಟೇ. ಪೈಪಿನೊಳಗೆ ನೀರು ಒಂದೂವರೆ ಮೀಟರ್ ಮೇಲೆ ಬಂದಿದೆ.

ಮೇಡಂಗೆ ಹೇಳಲೋ ಬೇಡವೋ ಎಂದು ಯೋಚಿಸಲೇ ಇಲ್ಲ. ಅಲ್ಲಿಂದಲೇ ಫೋನ್ ಮಾಡಿದೆ.

ಜೂನ್ 8, ಭಾನುವಾರ

ಹದಿನಾಲ್ಕು ಮಿಲಿಮೀಟರ್. "ಗೂಟ ಸಡಿಲ ಆಗಿರ್ಬೇಕು ಭಾವ" ಎಂದ ಭಾಮೈದ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ. ಗೂಟ ಗಟ್ಟಿಯಾಗಿಯೇ ಇದೆ.

ಚರಂಡಿಯ ಬಾಯಿ ತಿರುಗಿಸಿ ಎಂದು ನಗರಸಭೆಗೆ ಎರಡನೇ ಅರ್ಜಿ ಬರೆದೆ. ಹತ್ತಿ ಇಳಿದು ಕಾಲು ಸೋತು, ನಾನೂ ಬಂಡೆಯ ಮೇಲೆ ಕೂತೆ. ಇವಳು ಸರಿದು ಜಾಗ ಕೊಟ್ಟಳು. ಕೂರಲು ಹಿತವಾಗಿದೆ. ಅಲ್ಲಿಂದ ಹೊಳೆಯ ಒಂದು ತಿರುವು ಕಾಣುತ್ತದೆ, ನಾನು ನೋಡಿರಲಿಲ್ಲ.

ಜೂನ್ 30, ಸೋಮವಾರ

ನಿವೃತ್ತಿ. ಕಚೇರಿಯಲ್ಲಿ ಭಾಷಣ, ಗಡಿಯಾರ, ಫೋಟೋ. ಮನೆಗೆ ಬರುವಷ್ಟರಲ್ಲಿ ವರದಿಯೂ ಬಂದು ಕೂತಿತ್ತು. ನಲವತ್ತೊಂದು ಪುಟ. ನಾನು ಓದಿದ್ದು ಒಂದೇ ಪುಟ.

"ನೆತ್ತಿಯ ಭಾಗದಲ್ಲಿ ಯಾವುದೇ ಕಟ್ಟಡ ಕಟ್ಟತಕ್ಕದ್ದಲ್ಲ." ಆಳದ ಕಂಬವೂ ಅಲ್ಲಿ ನಿಲ್ಲುವುದಿಲ್ಲ. ರಸ್ತೆಯ ಬದಿಯ ಬಂಡೆಯ ಭಾಗದಲ್ಲಿ ಒಂದಂತಸ್ತಿನ ಮನೆ ಕಟ್ಟಬಹುದು. ಆ ಬಂಡೆ ಬಿಡಿಬಂಡೆಯಲ್ಲ, ಗುಡ್ಡದ ಒಡಲಿನದೇ ಕಲ್ಲು. ಜಾರುವ ಮಣ್ಣು ಜನವಸತಿ ಇಲ್ಲದ ಹಳ್ಳದ ಕಡೆಗೆ ಹೋಗುತ್ತದೆ, ಬಂಡೆ ಅದರ ದಾರಿಯಲ್ಲಿಲ್ಲ.

ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅರವತ್ತು ತುಂಬಿದ ಗಂಡಸು. ಆರು ವರ್ಷ ಆ ನೆತ್ತಿಯ ಮೇಲೆ ನನ್ನ ಕನಸು ಕಟ್ಟಿದ್ದೆ. ಹೊರಗೆ ಬಂದಾಗ ಇವಳು ಕಾಫಿ ಕೊಟ್ಟಳು.

ಜುಲೈ 2, ಬುಧವಾರ

ವರದಿ ಪೂರ್ತಿ ಓದಿದೆ. ನಲವತ್ತೊಂದು ಪುಟವೂ. ಹದಿನೇಳನೇ ಪುಟದಲ್ಲಿ ನನ್ನ ಐದು ಬೊಡ್ಡೆಗಳ ಫೋಟೋ ಇದೆ. ನಾನೇ ಆ ಜಾಗದಲ್ಲಿದ್ದರೂ ಇದನ್ನೇ ಬರೆಯುತ್ತಿದ್ದೆ.

ಭಾಮೈದ ಬೇರೆಯವರಿಂದ ವರದಿ ಮಾಡಿಸಿಕೊಡುತ್ತೇನೆಂದು ಬಂದಿದ್ದ. "ಮಾಡಿಸಿದ್ರೆ ನಿನ್ನ ಹೊಸ್ತಿಲು ತುಳಿಯಲ್ಲ ನೋಡು" ಎಂದು ಗದರಿ ಕಳಿಸಿದೆ.

ಜುಲೈ 13, ಭಾನುವಾರ

ನಾಲ್ಕು ದಿನ ಬಿಡದೆ ಹೊಡೆದ ಮಳೆ ಇವತ್ತು ನಿಂತಿತು. ಮೇಡಂ ಬೆಳಿಗ್ಗೆಯೇ ಫೋನ್ ಮಾಡಿ, "ಈಚೆ ಗೂಟ ದಾಟಿ ಒಂದು ಹೆಜ್ಜೆನೂ ಇಡಬೇಡಿ" ಎಂದಿದ್ದರು. ದಾಟಲು ಅಲ್ಲಿ ಏನೂ ಉಳಿದಿರಲಿಲ್ಲ. ಅಂಚು ಹೋಗಿದೆ. ಆಚೆಯ ಗೂಟ, ಐದು ಬೊಡ್ಡೆ, ಪೈಪು, ಎಲ್ಲ ಹಳ್ಳದಲ್ಲಿ. ಕೆಂಪು ಮಣ್ಣು, ಅದರ ಮೇಲೆ ನೀರು ಜಿನುಗುತ್ತಿತ್ತು. ಸದ್ದೇ ಇರಲಿಲ್ಲ.

ದೂರದಲ್ಲೇ ನಿಂತು ಹಳೆಯ ನಕ್ಷೆ ಬಿಡಿಸಿದೆ. ಹಾಲ್ ಉಳಿದಿದೆ. ಅಡುಗೆಮನೆ ಉಳಿದಿದೆ. ಮಲಗುವ ಕೋಣೆಯ ಗೋಡೆಯಿಂದ ಅಂಚಿನವರೆಗೆ ಹೆಜ್ಜೆಯಲ್ಲಿ ಅಂದಾಜು ಮಾಡಿದೆ. ಇನ್ನೊಮ್ಮೆ ಮಾಡಿದೆ. ನೆಲ ಮಂಚದ ನಡುವೆ ಸೀಳಿ ಹೋಗಿದೆ. ಗೋಡೆಯ ಕಡೆಯ ಮಗ್ಗುಲು ಗಟ್ಟಿ ನೆಲದ ಮೇಲಿದೆ. ಕಿಟಕಿಯ ಕಡೆಯದು ಇಲ್ಲ.

ನಕ್ಷೆ ಮಡಚದೆಯೇ ಕೆಳಗಿಳಿದು ಬಂದೆ. ಇವಳು ಬಂಡೆಯ ಮೇಲೆ ಪೇಪರು ಮಡಚಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಏನಾಯ್ತ್ರೀ? ಮುಖ ಯಾಕೆ ಹೀಗೆ ಬಿಳುಚಿಕೊಂಡಿದೆ?"

"ಮಂಚದ ಮಧ್ಯೆ ಹೋಗಿದೆ ಕಣೇ. ನಿನ್ನ ಮಗ್ಗುಲು ಹಳ್ಳಕ್ಕೆ ಬಿದ್ದಿದೆ."

"ಅಯ್ಯೋ" ಎಂದಳು ಇವಳು. "ಬೀಳೋಕೆ, ನಾನು ಅಲ್ಲಿಗೆ ಯಾವತ್ತು ಹತ್ತಿದ್ದೆ?"

ಆರು ವರ್ಷ. ಎಷ್ಟು ಭಾನುವಾರ! ಒಂದೇ ಒಂದು ಸಲವೂ ಹತ್ತಿಲ್ಲ. ನಾನು ಮೇಲಿನಿಂದ ಕೂಗುವುದು, ಅವಳು ಕೆಳಗಿನಿಂದ ಚೆನ್ನಾಗಿದೆ ಎನ್ನುವುದು.

"ಮಂಡಿ ಅಷ್ಟು ನೋಯುತ್ತಾ?" ಎಂದೆ.

"ಈಗ ಕೇಳಿದ್ರಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ. ರಸ್ತೆಯಲ್ಲಿ ಹೋಗುವವರು ನೋಡಿದರೆ ನೋಡಲಿ.

ಜುಲೈ 20, ಭಾನುವಾರ

ಬಿಸಿಲು. ಬಂಡೆ ಒಣಗಿತ್ತು. ಸೀಮೆಸುಣ್ಣದ ತುಂಡನ್ನು ಇವಳ ಕೈಗೆ ಕೊಟ್ಟೆ. "ತಗೋ, ಎಲ್ಲೆಲ್ಲಿ ಏನೇನು ಬೇಕು ನೀನೇ ಹಾಕು."

ಹಿಂದೆ ಮುಂದೆ ನೋಡಲಿಲ್ಲ. ಎಷ್ಟು ದಿನದಿಂದ ಮನಸ್ಸಿನಲ್ಲಿತ್ತೋ, ಸರಸರನೆ ಗೆರೆ ಎಳೆದಳು. ಅಡುಗೆಮನೆ ಇಲ್ಲಿ, ಅದರ ಕಿಟಕಿ ಹೊಳೆಯ ತಿರುವಿಗೆ. ಮಲಗುವ ಕೋಣೆ ಇಲ್ಲಿ. ತನ್ನ ಮಗ್ಗುಲು ಬಾಗಿಲ ಹತ್ತಿರ, ನನ್ನದು ಕಿಟಕಿಯ ಹತ್ತಿರ.

"ಬೆಳಕು ನಿಮಗೆ ತಾನೇ ಬೇಕು?" ಎಂದಳು.

ಭಾಮೈದ ಬಾಯಿ ಮುಚ್ಚಿಕೊಂಡು ಟೇಪು ಹಿಡಿದ. ಮುಂಬಾಗಿಲ ಹತ್ತಿರ ಬಂದಾಗ, "ಅಕ್ಕಾ, ರಸ್ತೆಯಿಂದ ಮೆಟ್ಟಿಲು ಎಷ್ಟಿಡೋಣ? ಎರಡು?" ಎಂದ. ಇವಳು ನನ್ನ ಮುಖ ನೋಡಿದಳು.

"ಒಂದೂ ಬೇಡ" ಎಂದೆ.

ಸಂಜೆ ಕೂತು ಹೊಸ ನಕ್ಷೆ ಬರೆದೆವು. ಮೆಟ್ಟಿಲು ಎಂಬ ಕಡೆ ಸೊನ್ನೆ ಹಾಕಿ, ಹಿಂದೆ ಮೇಡಂ ವರದಿ ಲಗತ್ತಿಸಿದ್ದಾಗಿದೆ. ನಾಳೆ ಹತ್ತು ಗಂಟೆಗೆ ನಗರಸಭೆಗೆ ಹೋಗಬೇಕು, ಇಬ್ಬರೂ.